ನಡುವಿನ ಚಕ್ರ

ಹಲಗೂರು
ಭಾನುವಾರ, 8 ಡಿಸೆಂಬರ್ 2024

ರಾಜೇಂದ್ರ ಅವರಿಗೆ,

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಿರುವುದು ಇದೇ ಮೊದಲು. ‘ರೀ’ ಅಂತ ಶುರು ಮಾಡಿದರೆ ನನ್ನ ಕೋಪ ಅಲ್ಲೇ ಅರ್ಧ ಇಳಿದುಬಿಡುತ್ತದೆ, ಈ ಸಲ ಅದು ಇಳಿಯುವುದು ನನಗೆ ಬೇಡ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಅರ್ಧ ಮಾತು ಆಡುವಷ್ಟರಲ್ಲಿ ಉಳಿದರ್ಧವನ್ನು ನೀವೇ ಮುಗಿಸಿರುತ್ತೀರಿ, ಅದೂ ನಾನು ಹೇಳಬೇಕೆಂದಿದ್ದಕ್ಕಿಂತ ಚೆನ್ನಾಗಿ. ಕಾಗದಕ್ಕೆ ಆ ತೊಂದರೆ ಇಲ್ಲ. ಕೆಂಪು ಪೆನ್ನನ್ನು ಪಕ್ಕಕ್ಕಿಟ್ಟು ಕೊನೆಯ ಸಾಲಿನವರೆಗೂ ಓದಿ.

ಅತ್ತೆಯವರ ಮಂಡಿನೋವು ಹೇಗಿದೆ? ಅವರಿಗೆ ಒಗ್ಗಿದ ಹಳೆಯ ಎಣ್ಣೆಯನ್ನೇ ಹಚ್ಚಿಕೊಳ್ಳಲಿ. ನೀವು ತಂದ ಹೊಸ ಮುಲಾಮು ಬೇಡ ಎಂದು ನಾನೇ ಹೇಳಿದೆನೆಂದು ತಿಳಿಸಿ.

ಇನ್ನು ವಿಷಯ. ನಮ್ಮ ಯಂತ್ರವನ್ನು ಕೆಡಿಸಿದ್ದು ಅಂಕಯ್ಯನವರಲ್ಲ, ನೀವು.

ಮೊದಲಿನಿಂದಲೇ ಬರೆಯುತ್ತೇನೆ, ಏಕೆಂದರೆ ನೀವು ಒಂದು ದಿನವೂ ಕೇಳಲಿಲ್ಲ. ಯಂತ್ರ ಕಣ್ಣಿಗೆ ಬಿದ್ದ ಕೂಡಲೇ ಅದರಲ್ಲೇನು ತಪ್ಪಿದೆಯೆಂದು ಹುಡುಕಿದಿರಿ. ಅದನ್ನು ಯಾಕೆ ಮಾಡಿದೆ, ಯಾರ ಜೊತೆ ಮಾಡಿದೆ ಎಂಬುದು ನಿಮಗೆ ಬೇಕಿರಲಿಲ್ಲ.

ಜುಲೈನಲ್ಲಿ ಹತ್ತನೇ ತರಗತಿಗೆ ಸಂಭವನೀಯತೆಯ ಪಾಠ ಮಾಡುತ್ತಿದ್ದೆ. ಮಧ್ಯಾಹ್ನದ ಊಟ ಆದಮೇಲಿನ ಪೀರಿಯಡ್ಡು. ಮಕ್ಕಳು ತೂಕಡಿಸುತ್ತಿದ್ದರು. ಎಬ್ಬಿಸಲೆಂದು ಎರಡನೇ ಮಹಾಯುದ್ಧದ ಎನಿಗ್ಮಾ ಪೆಟ್ಟಿಗೆಯ ಕಥೆ ಹೇಳಿದೆ. ಟೈಪ್‌ರೈಟರಿನಂಥ ಪೆಟ್ಟಿಗೆ, ಒಂದು ಅಕ್ಷರ ಒತ್ತಿದರೆ ಬೇರೊಂದು ಅಕ್ಷರದ ದೀಪ ಹೊತ್ತಿಕೊಳ್ಳುತ್ತದೆ. ಒಳಗೆ ಮೂರು ಚಕ್ರ. ಪ್ರತಿ ಸಲ ಒತ್ತಿದಾಗಲೂ ಚಕ್ರ ತಿರುಗುವುದರಿಂದ ಅದೇ ಅಕ್ಷರಕ್ಕೆ ಮುಂದಿನ ಸಲ ಬೇರೆ ದೀಪ. ಜರ್ಮನಿಯವರು ಹೀಗೆ ಗುಟ್ಟಿನ ಸಂದೇಶ ಕಳಿಸುತ್ತಿದ್ದರು, ಆ ಕಡೆಯವರು ಚಕ್ರಗಳನ್ನು ಅದೇ ಜಾಗಕ್ಕೆ ತಿರುಗಿಸಿಟ್ಟುಕೊಂಡು ಗುಟ್ಟಿನ ಅಕ್ಷರಗಳನ್ನು ಒತ್ತಿದರೆ ಮೂಲದ ಮಾತು ಹೊರಗೆ ಬರುತ್ತಿತ್ತು ಎಂದೆಲ್ಲ ಹೇಳಿದೆ. ಸರ್ಕ್ಯುಲರ್ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ಬಂದಿದ್ದ ನಮ್ಮ ಅಟೆಂಡರ್ ಅಂಕಯ್ಯ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡರು. ಬೆಲ್ಲು ಹೊಡೆಯುವುದು ಐದು ನಿಮಿಷ ತಡವಾಯಿತು. ಸಂಜೆ ಬಂದು, “ಮೇಡಮ್ಮೋರೆ, ಆ ಪೆಟ್ಗೆ ನಾವೇ ಕಟ್ಬೋದಲ್ವಾ? ವೈರು ತಾನೆ” ಅಂದರು.

ಅವರನ್ನು ನೀವು ‘ಸ್ಕೂಲ್ ಅಟೆಂಡರ್’ ಅಂದಿರಲ್ಲ, ಆ ಅಟೆಂಡರ್ ಕೆಲಸಕ್ಕೆ ಸೇರುವ ಮೊದಲು ಹದಿನಾಲ್ಕು ವರ್ಷ ಮಳವಳ್ಳಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಕಟ್ಟಿದವರು. ಅವರು ಕಟ್ಟಿದ ಮೋಟಾರು ಈಗಲೂ ನೀರೆತ್ತುತ್ತಿದೆ ಎಂದು ಜನ ತೋಟಕ್ಕೆ ಕರೆದು ತೋರಿಸುತ್ತಾರೆ. ಮುರಿದ ಬೆಂಚಿನ ಹಲಗೆಯಿಂದ ಪೆಟ್ಟಿಗೆ ಮಾಡಿದ್ದು ಅವರು. ಇಪ್ಪತ್ತಾರು ಗುಂಡಿ, ಇಪ್ಪತ್ತಾರು ಪುಟ್ಟ ದೀಪ, ಮುಂದುಗಡೆ ಅಕ್ಷರಕ್ಕೆ ಅಕ್ಷರ ಜೋಡಿಸುವ ವೈರಿನ ಫಲಕ, ಎಲ್ಲದಕ್ಕೂ ಬೆಸುಗೆ ಹಾಕಿದ್ದು ಅವರು. ನಮ್ಮ ಯಂತ್ರದಲ್ಲಿ ಚಕ್ರಗಳು ಲೋಹದವಲ್ಲ. ಒಂದು ಸಣ್ಣ ಕಂಪ್ಯೂಟರ್ ಚಿಪ್ಪಿನೊಳಗೆ ಲೆಕ್ಕವಾಗಿ ತಿರುಗುತ್ತವೆ. ಆ ಲೆಕ್ಕ, ಅಂದರೆ ಪ್ರೋಗ್ರಾಮು, ನನ್ನದು. ನೀವು ಎಲೆಕ್ಟ್ರಾನಿಕ್ಸ್ ಲೆಕ್ಚರರ್ ಆಗಿದ್ದರೂ ನಿಮ್ಮನ್ನು ಒಂದು ಮಾತೂ ಕೇಳದೆ, ಐದು ತಿಂಗಳು ಕೂತು, ತಪ್ಪಿ, ಅಳಿಸಿ, ಕಲಿತು ಬರೆದದ್ದು.

ಈಗ ನಡುವಿನ ಚಕ್ರದ ಸಂಗತಿ. ಸಾಮಾನ್ಯವಾಗಿ ಬಲಗಡೆಯ ಚಕ್ರ ಒಂದು ಸುತ್ತು ಹಾಕಿದಾಗ ನಡುವಿನದು ಒಂದು ಮನೆ ಸರಿಯುತ್ತದೆ, ಸ್ಕೂಟರಿನ ಮೀಟರಿನ ಹಾಗೆ. ಆದರೆ ಮೂಲ ಯಂತ್ರದಲ್ಲಿ ಒಂದು ವಿಚಿತ್ರ ಇತ್ತು. ಎಡಗಡೆಯ ಚಕ್ರವನ್ನು ಸರಿಸುವ ಹೊತ್ತು ಬಂದಾಗ ನಡುವಿನ ಚಕ್ರ ತಾನೂ ಅದರ ಜೊತೆ ಇನ್ನೊಂದು ಮನೆ ಹೋಗಿಬಿಡುತ್ತಿತ್ತು. ಸಾಲಾಗಿ ಎರಡು ಸಲ. ಅಪರೂಪಕ್ಕೊಮ್ಮೆ ಆಗುವ ಸಂಗತಿ. ಆಗ ಮಾತ್ರ ಲೆಕ್ಕ ಕೂಡುತ್ತಿರಲಿಲ್ಲ, ನನಗೆ ತಿಂಗಳುಗಟ್ಟಲೆ ಎಲ್ಲಿ ತಪ್ಪುತ್ತಿದೆಯೆಂದೇ ತಿಳಿಯಲಿಲ್ಲ. ಕಂಡುಹಿಡಿದದ್ದು ಅಂಕಯ್ಯ. ಮೂರು ಡಬ್ಬಿ ಮುಚ್ಚಳಕ್ಕೆ ಕಾಗದ ಸುತ್ತಿ, ಅಕ್ಷರ ಬರೆದು, ನಾನು ಪ್ರಿಂಟು ತೆಗೆದುಕೊಟ್ಟಿದ್ದ ಹಳೆಯ ಉದಾಹರಣೆಯನ್ನು ಒಂದೊಂದೇ ಮನೆ ತಿರುಗಿಸುತ್ತಾ ಹತ್ತು ದಿನ ನೋಡಿದರು. ಅವರಿಗೆ ಇಂಗ್ಲಿಷಿನಲ್ಲಿ ಬರುವುದು ದೊಡ್ಡಕ್ಷರಗಳು ಮಾತ್ರ. ಒಂದು ಬೆಳಿಗ್ಗೆ ಸ್ಟಾಫ್ ರೂಮಿಗೆ ಬಂದು, “ನಡುವಿಂದು ಒಂದೊಂದ್ಸಲ ಎರ್ಡೆಜ್ಜೆ ಇಕ್ತದೆ ಮೇಡಮ್ಮೋರೆ. ನಾನೂ ತೆಪ್ಪು ಅನ್ಕಂಡೆ. ತೆಪ್ಪಲ್ಲ, ಅದು ಉಟ್ದಾಗ್ಲಿಂದ ಅಂಗೇ. ಅದ್ನ ಅಂಗೇ ಬುಡಿ” ಅಂದರು. ಅದಕ್ಕಾಗಿ ನಾನು ಎರಡು ಸಾಲು ಸೇರಿಸಿದೆ. ಅಂದಿನಿಂದ ಯಂತ್ರ ಯಾವ ಹಳೆಯ ಸಂದೇಶ ಕೊಟ್ಟರೂ ಓದಿತು.

ಮಂಡ್ಯದಲ್ಲಿ ನಡೆಯುವ ಜಿಲ್ಲಾ ಶಿಕ್ಷಕರ ವಿಜ್ಞಾನ ಪ್ರದರ್ಶನಕ್ಕೆಂದು ಪೆಟ್ಟಿಗೆಗೆ ಚೀಟಿ ಬರೆದೆವು. ‘ತಯಾರಿಸಿದವರು: ಶಶಿರೇಖಾ, ಗಣಿತ ಶಿಕ್ಷಕಿ. ಅಂಕಯ್ಯ, ಶಾಲಾ ಸಹಾಯಕರು.’ ಇಪ್ಪತ್ತೆಂಟು ವರ್ಷ ನೌಕರಿಯಲ್ಲಿ ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಅವರ ಹೆಸರು ಬಂದಿರಲಿಲ್ಲ. ಅವರ ಹೆಂಡತಿ ಪಟ್ಟಲಮ್ಮ ಅದನ್ನು ನೋಡಲೆಂದೇ ಕಳೆ ಕೀಳುವ ಕೆಲಸ ಬಿಟ್ಟು ಸ್ಕೂಲಿಗೆ ಬಂದಿದ್ದರು. ಓದಲು ಬಾರದು. ನನ್ನ ಹೆಸರಿನ ಮೇಲೆ ಬೆರಳಿಟ್ಟು “ಇದಾ?” ಅಂದರು. ನಾನು ಅವರ ಬೆರಳನ್ನು ಹಿಡಿದು ಕೆಳಗಿನ ಸಾಲಿಗೆ ಸರಿಸಿದೆ.

ಪ್ರದರ್ಶನದ ಹಿಂದಿನ ದಿನ, ಶುಕ್ರವಾರ ಸಂಜೆ, ಪೆಟ್ಟಿಗೆ ಹಿಡಿದು ಮಂಡ್ಯದ ಮನೆಗೆ ಬಂದೆ. ಒಂದೂವರೆ ವರ್ಷದಿಂದ ಬೇರೆ ಇದ್ದರೂ ಅದು ನನ್ನ ಮನೆಯೂ ಹೌದು ಎಂದುಕೊಂಡೇ ಬಂದೆ. ಅತ್ತೆ ಖುಷಿಪಟ್ಟರು. ನೀವು ಪೆಟ್ಟಿಗೆ ತೆಗೆದು, ನನ್ನ ಲ್ಯಾಪ್‌ಟಾಪನ್ನು ಕೇಳದೆಯೇ ತೆರೆದು, ಪ್ರೋಗ್ರಾಮು ಓದತೊಡಗಿದಿರಿ. ನಾನು ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ. ಮುದ್ದೆ ತಿರುವುವಾಗ ಕೈ ಬಿಟ್ಟು ಬರಲಾಗುವುದಿಲ್ಲ, ನಿಮಗೇ ಗೊತ್ತು. ನಡುಮನೆಯಲ್ಲಿ ಏನು ನಡೆಯಿತೆಂದು ನನಗೆ ಹೇಗೆ ತಿಳಿಯಬೇಕು?

ಶನಿವಾರ ನಡೆದದ್ದು ನಿಮ್ಮ ಕಣ್ಣೆದುರೇ. ಆದರೂ ಬರೆಯುತ್ತೇನೆ, ನನಗೆ ಕಂಡಂತೆ. ತೀರ್ಪುಗಾರ ಕೆಂಪಸಿದ್ದಯ್ಯನವರು ಸೇನೆಯ ಸಿಗ್ನಲ್ಸ್, ಅಂದರೆ ಸಂದೇಶ ವಿಭಾಗದಲ್ಲಿದ್ದು ನಿವೃತ್ತರಾದ ಹಿರಿಯರು. ಜೇಬಿನಿಂದ ಒಂದು ಚೀಟಿ ತೆಗೆದು, ಇದರಲ್ಲಿ ಗುಟ್ಟಿನ ಅಕ್ಷರಗಳಿವೆ, ಚಕ್ರ ಹೇಗಿಡಬೇಕೆಂದೂ ಬರೆದಿದ್ದೇನೆ, ನಿಮ್ಮ ಯಂತ್ರ ಓದಲಿ ನೋಡೋಣ ಅಂದರು. ಬೇರೆ ಯಾವ ಮಾದರಿಗೂ ಅಷ್ಟು ಜನ ಸೇರಿರಲಿಲ್ಲ. ನಾನು ಒತ್ತುತ್ತಾ ಹೋದೆ, ಅಂಕಯ್ಯ ಹೊತ್ತಿದ ದೀಪದ ಅಕ್ಷರವನ್ನು ಜೋರಾಗಿ ಓದುತ್ತಾ ಹೋದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಅದು, ಮೇಷ್ಟರುಗಳೆಲ್ಲ ಕೂಡಿಸಿ ಓದಿದರು. ‘ಮಂಡ್ಯ ಜಿಲ್ಲೆಯ ಎಲ್ಲಾ ಶಿ...’ ಚಪ್ಪಾಳೆ ಆಗಲೇ ಶುರುವಾಗಿತ್ತು. ಇಪ್ಪತ್ತೊಂದನೇ ಅಕ್ಷರದಿಂದ ಎಲ್ಲ ಕಲಸುಮೇಲೋಗರ. ಎಕ್ಸು, ಕ್ಯೂ, ವಿ, ಮತ್ತೆ ಎಕ್ಸು. ಅಂಕಯ್ಯನವರು ಮೊದಲಿನಷ್ಟೇ ಜೋರಾಗಿ ಇನ್ನೂ ಏಳೆಂಟು ಅಕ್ಷರ ಓದಿದರು, ಯಾರೋ ನಕ್ಕಾಗ ನಿಲ್ಲಿಸಿದರು.

ಕೊರಳಲ್ಲಿ ಸಮಿತಿಯ ಪಟ್ಟಿ ಹಾಕಿಕೊಂಡು ನೀವು ಮುಂದೆ ಬಂದಿರಿ. ನೀವು ಆಡಿದ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ. “ಪ್ರೋಗ್ರಾಂ ನಾನೇ ನಿನ್ನೆ ಟೆಸ್ಟ್ ಮಾಡಿದ್ದೀನಿ ಸರ್, ಅದು ಸರಿಯಾಗಿದೆ. ಸೋಲ್ಡರಿಂಗ್ ಸಡಿಲ ಆಗಿರಬೇಕು. ಸ್ಕೂಲ್ ಅಟೆಂಡರ್ ಕೈಲಿ ಮಾಡಿಸಿದ್ದಾರೆ.” ನನ್ನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿರಿ, ಅಲ್ಲವೇ? ಹೆಂಡತಿಯ ಪ್ರೋಗ್ರಾಮಿಗೆ ಕಳಂಕ ಬಾರದಿರಲಿ ಎಂದು. ಅಂಕಯ್ಯ ಪೆಟ್ಟಿಗೆಯ ಅಡಿಗೆ ಕೈ ಹಾಕಿ ಸವರಿ, “ಇರ್ಬೋದು ಸಾರ್. ನೋಡ್ತೀನಿ” ಅಂದರು. ಜಗಳವಾಡಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ನಿಮ್ಮ ತಂದೆ ಪುಟ್ಟಮಾದಯ್ಯನವರೂ ಒಂದು ಕಚೇರಿಯಲ್ಲಿ ಜವಾನರಾಗಿದ್ದವರು. ಫೈಲೊಂದು ಕಾಣದಾದಾಗ ಸಾಹೇಬರು ಎಲ್ಲರೆದುರು ಅವರ ಹೆಸರು ಹೇಳಿದ್ದು, ಆಮೇಲೆ ಆ ಫೈಲು ಸಾಹೇಬರ ಮನೆಯಲ್ಲೇ ಸಿಕ್ಕಿದ್ದು, ಸಿಕ್ಕಿತೆಂದು ಯಾರೂ ಯಾರಿಗೂ ಹೇಳದೇ ಹೋದದ್ದು, ಇದನ್ನೆಲ್ಲ ಮದುವೆಯಾದ ಹೊಸತರಲ್ಲಿ ನನಗೆ ಹೇಳಿ ಕಣ್ಣೊರೆಸಿಕೊಂಡವರು ನೀವು. ಮಾವ ಸಾಯುವವರೆಗೂ ಆ ಸಾಹೇಬರ ಬೀದಿಯಲ್ಲಿ ನಡೆಯುತ್ತಿರಲಿಲ್ಲ ಎಂದೂ ಹೇಳಿದ್ದಿರಿ. ಆ ಮಗನ ಬಾಯಲ್ಲಿ ‘ಅಟೆಂಡರ್ ಕೈಲಿ ಮಾಡಿಸಿದ್ದಾರೆ’ ಎಂಬ ಮಾತು ಹೇಗೆ ಬಂತು? ನಾಚಿಕೆಯಾಗಲಿಲ್ಲವೇ? ನನಗಂತೂ ಆಯಿತು.

ವಾಪಸು ಬರುವಾಗ ಮದ್ದೂರಿನಲ್ಲಿ ಬಸ್ಸು ಬದಲಿಸಿದೆವು. ಕಬ್ಬಿನ ಲಾರಿಗಳು ದಾರಿಗೆ ಅಡ್ಡ ನಿಂತು ಒಂದು ಗಂಟೆ ತಡ. ಅಂಕಯ್ಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಕಾಫಿ ಕೊಡಿಸುತ್ತೇನೆಂದರೆ ಬೇಡವೆಂದರು.

ಸೋಮವಾರ ಹೆಡ್‌ಮಾಸ್ಟರು ತೀರ್ಪುಗಾರರ ಟಿಪ್ಪಣಿಯನ್ನು ಸ್ಟಾಫ್ ರೂಮಿನಲ್ಲಿ ಓದಿದರು. ‘ಒಳ್ಳೆಯ ಪ್ರಯತ್ನ. ಬೆಸುಗೆ ಕಳಪೆ.’ ಅದೇ ದಿನ ಅಂಕಯ್ಯ ಪಿಂಚಣಿ ಕಾಗದಗಳಿಗೆಂದು ಮಳವಳ್ಳಿಗೆ ಹೋಗಿದ್ದಾಗ ನಾನು ಲ್ಯಾಪ್‌ಟಾಪು ತೆರೆದೆ. ಆ ಎರಡು ಸಾಲು ಇರಲಿಲ್ಲ. ಅವುಗಳ ಜಾಗದಲ್ಲಿ ನಿಮ್ಮ ಟಿಪ್ಪಣಿ ಇತ್ತು. ‘ನಡುವಿನ ಚಕ್ರ ಸಾಲಾಗಿ ಎರಡು ಸಲ ತಿರುಗುತ್ತಿತ್ತು. ಸರಿಪಡಿಸಿದ್ದೇನೆ. ರಾಜೇಂದ್ರ.’ ಕೆಳಗೆ ತಾರೀಖು ಬೇರೆ! ಸಾಲುಗಳನ್ನು ಮತ್ತೆ ಸೇರಿಸಿ, ಚಿಪ್ಪಿಗೆ ಏರಿಸಿ, ಕೆಂಪಸಿದ್ದಯ್ಯನವರ ಚೀಟಿಯಲ್ಲಿದ್ದದ್ದನ್ನು ಒತ್ತಿದೆ. ಒಂದೂ ಅಕ್ಷರ ತಪ್ಪದೆ ಬಂತು. ‘ಮಂಡ್ಯ ಜಿಲ್ಲೆಯ ಎಲ್ಲಾ ಶಿಕ್ಷಕರಿಗೂ ಹಳೆಯ ಸೈನಿಕನ ನಮಸ್ಕಾರ.’

ಟೆಸ್ಟ್ ಮಾಡಿದ್ದೇನೆ ಅಂದಿರಲ್ಲ, ಹೇಗೆ ಮಾಡಿದಿರೆಂದು ನನಗೆ ಗೊತ್ತು. ಏನೋ ಒಂದು ಒತ್ತಿದಿರಿ, ಬಂದದ್ದನ್ನು ಅದೇ ಯಂತ್ರಕ್ಕೆ ಮತ್ತೆ ಒತ್ತಿದಿರಿ, ಮೊದಲಿನದು ಹೊರಗೆ ಬಂತು, ಸರಿಯಿದೆ ಎಂದುಕೊಂಡಿರಿ. ಬಂದೇ ಬರುತ್ತದೆ. ಹೋಗುವಾಗ ಆದ ತಪ್ಪೇ ಬರುವಾಗಲೂ ಆದರೆ ಉತ್ತರ ಸರಿಯೇ. ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಿರುವಷ್ಟು ಹೊತ್ತು ಆ ಯಂತ್ರಕ್ಕೆ ತಪ್ಪೇ ಕಾಣುವುದಿಲ್ಲ. ಇನ್ನೊಬ್ಬರು ಬರೆದದ್ದನ್ನು ಓದಬೇಕಾಗಿ ಬಂದಾಗ ಮಾತ್ರ ಕೈ ಕೊಡುತ್ತದೆ. ನಿಮ್ಮ ಜೊತೆ ಹತ್ತು ವರ್ಷ ಒಂದೇ ಮನೆಯಲ್ಲಿದ್ದ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ನಾನು ಕೂರಿಸಿದ ಗ್ಯಾಸ್ ರೆಗ್ಯುಲೇಟರನ್ನು ಬಿಚ್ಚಿ ಮತ್ತೆ ಕೂರಿಸುವುದು, ನಾನು ಒರೆಸಿದ ಒಲೆಯನ್ನು ಮತ್ತೆ ಒರೆಸುವುದು, ನಾನು ಅಣ್ಣನಿಗೆ ಕಳಿಸುವ ಮೆಸೇಜಿನ ಕಾಗುಣಿತ ತಿದ್ದುವುದು, ಇವನ್ನೆಲ್ಲ ಅಭ್ಯಾಸ ಎಂದುಕೊಂಡು ನಕ್ಕು ಸುಮ್ಮನಾದೆ. ವರ್ಗಾವಣೆಯ ಕೌನ್ಸೆಲಿಂಗಿನ ಊರುಗಳ ಪಟ್ಟಿಯಲ್ಲಿ ನಾನು ಮೊದಲನೆಯದಾಗಿ ಹಾಕಿದ್ದ ಹಲಗೂರನ್ನು ನನಗೆ ಹೇಳದೆ ನಾಲ್ಕನೆಯದಕ್ಕೆ ಇಳಿಸಿ ಮಂಡ್ಯವನ್ನು ಮೇಲಕ್ಕೆ ತಂದಿದ್ದಿರಿ. ಗಡುವು ಮುಗಿಯಲು ಇಪ್ಪತ್ತು ನಿಮಿಷ ಇರುವಾಗ ನನ್ನ ಕಣ್ಣಿಗೆ ಬಿತ್ತು. ಕೇಳಿದರೆ, “ನಿನ್ನ ಒಳ್ಳೇದಕ್ಕೇ ಸರಿ ಮಾಡಿದೆ” ಅಂದಿರಿ. ಆವತ್ತು ನಾನು ಹಲಗೂರನ್ನು ಮತ್ತೆ ಮೇಲಕ್ಕೆ ತಂದು, ಆದೇಶ ಬಂದ ಕೂಡಲೇ ಬಟ್ಟೆ ಕಟ್ಟಿಕೊಂಡು ಬಂದೆ. ಹುಟ್ಟಿದ ಊರ ಕಡೆ ಒಂದಷ್ಟು ದಿನ ಪಾಠ ಮಾಡಬೇಕು ಎಂಬ ಆಸೆ ನಿಮ್ಮ ಕಣ್ಣಿಗೆ ತಪ್ಪಾಗಿ ಕಂಡಿತಲ್ಲ, ಆ ಸಿಟ್ಟು ಇನ್ನೂ ಹೋಗಿಲ್ಲ. ಆದರೆ ಅದು ನನ್ನ ನಿಮ್ಮ ನಡುವಿನದು. ಅಂಕಯ್ಯನವರು ನಿಮಗೇನು ಮಾಡಿದ್ದರು?

ಮಂಗಳವಾರದಿಂದ ನಾಲ್ಕು ದಿನವೂ ಊಟದ ಬಿಡುವಿನಲ್ಲಿ ಅವರು ಲ್ಯಾಬಿನ ಜಗಲಿಯಲ್ಲಿ ಕೂತು ಒಂದೊಂದೇ ಬೆಸುಗೆ ಬಿಚ್ಚಿ ಹೊಸದಾಗಿ ಹಾಕಿದ್ದಾರೆ. ಸಡಿಲ ಇದ್ದದ್ದು ಒಂದೂ ಇಲ್ಲ. ಸಿಗದೆ ಹೋದಷ್ಟೂ ಅವರಿಗೆ ಅನುಮಾನ ಜಾಸ್ತಿಯಾಗುತ್ತಿದೆ. ಕಣ್ಣು ಮಂದವಾಯಿತೇನೋ ಎಂದು ಮಳವಳ್ಳಿಗೆ ಹೋಗಿ ತೋರಿಸಿಕೊಂಡು ಬಂದಿದ್ದಾರೆ. ನಿನ್ನೆ ಶನಿವಾರ, ಬೆಳಗಿನ ಸ್ಕೂಲು ಬಿಟ್ಟಮೇಲೆ ನನ್ನ ಮೇಜಿನ ಹತ್ತಿರ ಬಂದು ಕೈಕಟ್ಟಿ ನಿಂತರು. “ಮೇಡಮ್ಮೋರೆ, ಆ ಚೀಟೀಲಿ ನನ್ನೆಸ್ರು ತೆಗ್ದುಬುಡಿ. ನನ್ ಕೈಯಿಂದ ನಿಮ್ಮೆಸ್ರು ಯಾಕ್ ಕೆಡ್ಬೇಕು? ಪಟ್ಟಲಮ್ಮುಂಗೆ ನಾನೇ ಏಳ್ತೀನಿ.” ನನ್ನ ಮುಂದೆ ಎಂದೂ ಕೈಕಟ್ಟಿ ನಿಂತವರಲ್ಲ ಅವರು. ನಾನು, ನೋಡೋಣ ಅಂಕಯ್ಯಣ್ಣ ಎಂದು ಕಳಿಸಿದೆ. ಮನೆಗೆ ಬಂದು ಒಲೆಯನ್ನೂ ಹಚ್ಚಲಿಲ್ಲ.

ನಿಜ ಏನೆಂದು ಅವರಿಗೆ ನಾನಿನ್ನೂ ಹೇಳಿಲ್ಲ. ಹೇಳಬೇಕಾದವರು ನೀವು ಎಂಬುದೇ ಕಾರಣ.

ಇದೇ 31ಕ್ಕೆ ಅವರ ನಿವೃತ್ತಿ. ಬೆಳಿಗ್ಗೆ ಹನ್ನೊಂದಕ್ಕೆ ಸ್ಕೂಲಿನಲ್ಲಿ ಬೀಳ್ಕೊಡುಗೆ. ಮಂಗಳವಾರ, ರಜೆ ಹಾಕಿ. ಮಕ್ಕಳು, ಮೇಷ್ಟರುಗಳು, ಹೆಡ್‌ಮಾಸ್ಟರು, ಪಟ್ಟಲಮ್ಮ, ಎಲ್ಲರೂ ಇರುತ್ತಾರೆ. ಮೈಕಿನ ಮುಂದೆ ನಿಂತು ಹೇಳಿ: ಬೆಸುಗೆ ಸರಿಯಿತ್ತು, ಪ್ರೋಗ್ರಾಮು ಕೆಡಿಸಿದ್ದು ನಾನು, ಕೇಳದೆ ಕೆಡಿಸಿದೆ. ಅಷ್ಟು ಸಾಕು. ಯಾಕೆ ಹಾಗಂದುಕೊಂಡೆ ಎಂಬ ವಿವರಣೆ ಬೇಡ. ಕೆಂಪಸಿದ್ದಯ್ಯನವರಿಗೂ ಬರೆದು ಆ ಟಿಪ್ಪಣಿಯನ್ನು ಬದಲಾಯಿಸಿಕೊಂಡು ಬನ್ನಿ. ನಾನು ಮಂಡ್ಯಕ್ಕೆ ಬರುವುದು ಬಿಡುವುದು ಆಮೇಲಿನ ಮಾತು. ನೀವು ಬರದೇ ಹೋದರೆ ಆ ಮಾತೂ ಬೇಡ.

ಅತ್ತೆಗೆ ನಮಸ್ಕಾರ ತಿಳಿಸಿ. ಈ ಕಾಗದವನ್ನು ಅವರಿಗೆ ಓದಿ ಹೇಳಿದರೂ ನನ್ನ ಅಭ್ಯಂತರವಿಲ್ಲ.

ಕೋಪ ಇಳಿಯದ,
ಶಶಿರೇಖಾ

ತಾ.ಕ.: ಸಹಿ ಹಾಕಿ, ಮಡಿಚಿ, ಲಕೋಟೆಗೆ ಹಾಕಿ, ಮತ್ತೆ ತೆಗೆದಿದ್ದೇನೆ. ಮೇಲೆ ಒಂದು ಸುಳ್ಳಿದೆ. ಆ ಶುಕ್ರವಾರ ಮುದ್ದೆ ಆಗಲೇ ಆಗಿತ್ತು. ಊಟಕ್ಕೆ ಕರೆಯಲು ಬಂದು ನಿಮ್ಮ ಕುರ್ಚಿಯ ಹಿಂದೆ ನಿಂತಿದ್ದೆ. ನೀವು ಅಳಿಸುತ್ತಿದ್ದದ್ದು ಯಾವ ಎರಡು ಸಾಲೆಂದು ನೋಡಿದೆ. ಅವು ಯಾರ ಹತ್ತು ದಿನದ ಕೆಲಸವೆಂದೂ ನನಗೆ ಗೊತ್ತಿತ್ತು. ಬೇಡ ರೀ ಅನ್ನಬೇಕೆಂದು ಬಾಯಿ ತೆರೆದೆ. ಇವರು ಅಳಿಸುತ್ತಿದ್ದಾರೆಂದರೆ ತಪ್ಪೇ ಇರಬೇಕು, ಅಂಕಯ್ಯನಿಗೂ ನನಗೂ ಏನು ತಿಳಿಯುತ್ತದೆ ಅಂದುಕೊಂಡು ಊಟಕ್ಕೆ ಏಳಿ ಅಂದೆ. ಮರುದಿನ ಅಕ್ಷರ ಕಲಸಿಹೋದ ಕೂಡಲೇ ಕಾರಣ ನನಗೆ ಹೊಳೆಯಿತು. ನೀವು ಸೋಲ್ಡರಿಂಗ್ ಅಂದಾಗ ಅದು ಸುಳ್ಳೆಂದು ಅಲ್ಲಿದ್ದವರಲ್ಲಿ ತಿಳಿದಿದ್ದವಳು ನಾನೊಬ್ಬಳೇ. ನಿಮಗೂ ತಿಳಿದಿರಲಿಲ್ಲ. ಬಾಯಿ ಬಿಟ್ಟರೆ ನೋಡಿಯೂ ಸುಮ್ಮನಿದ್ದೆ ಎಂಬುದು ಹೊರಗೆ ಬರುತ್ತಿತ್ತು. ಅದಕ್ಕೇ ನಾಲ್ಕು ದಿನ ಅವರು ಬೆಸುಗೆ ಬಿಚ್ಚುವುದನ್ನು ಕಿಟಕಿಯಿಂದ ನೋಡಿದೆ. ನೀವು ಹೇಳಬೇಕು ಎಂದು ಬರೆದದ್ದೂ ನಾನು ತಪ್ಪಿಸಿಕೊಳ್ಳಲು. ನಾಳೆ ಸ್ಕೂಲಿನ ಟಪಾಲನ್ನು ಅಂಚೆ ಕಚೇರಿಗೆ ಒಯ್ಯುವವರು ಅಂಕಯ್ಯನವರೇ. ಇದನ್ನು ಅಂಟಿಸದೆ ಅವರ ಕೈಗೆ ಕೊಟ್ಟು, ಮೊದಲು ಓದಿ, ಆಮೇಲೆ ಅಂಟಿಸಿ ಹಾಕಿ ಅನ್ನುತ್ತೇನೆ. ಇದು ನಿಮ್ಮನ್ನು ತಲುಪಿದೆ ಎಂದರೆ ಅವರು ಓದಿ ಮುಗಿಸಿದ್ದಾರೆ.